ದಂಡೆಯ ಮೇಲೆ ರಾತ್ರಿ ತಂಗುವ ವ್ಯಾನುಗಳು: ಪಂಚಾಯತ್ ಏನು ಮಾಡಬಹುದು?

ಪ್ರಶ್ನೆ: ನಮ್ಮದು ಕುಮಟಾ ತಾಲೂಕಿನಲ್ಲಿ ಗೋಕರ್ಣಕ್ಕೆ ಹತ್ತಿರದ ಒಂದು ಮೀನುಗಾರರ ಊರು. ಎರಡು ಮೂರು ವರ್ಷಗಳಿಂದ ಶುಕ್ರವಾರ ಸಂಜೆಯಾದರೆ ಸಾಕು, ಒಳಗೇ ಮಲಗುವ ವ್ಯವಸ್ಥೆ ಇರುವ ವ್ಯಾನುಗಳು, ಟೆಂಪೊ ಟ್ರಾವೆಲರ್‌ಗಳು, ತಲೆಯ ಮೇಲೆ ಡೇರೆ ಕಟ್ಟಿಕೊಂಡ ಕಾರುಗಳು ಬಂದು ದಂಡೆಯ ಮೇಲೆಯೇ ರಾತ್ರಿ ಕಳೆಯುತ್ತವೆ. ದೋಣಿ ಎಳೆಯುವ ದಾರಿಗೆ ಅಡ್ಡವಾಗುತ್ತದೆ. ಬೆಳಿಗ್ಗೆ ಗಾಳಿಮರದ ತೋಪಿನಲ್ಲಿ ಕಾಲಿಡುವಂತಿಲ್ಲ. ಕಳೆದ ತಿಂಗಳು ನಮ್ಮ ಹುಡುಗರು ಒಂದು ವ್ಯಾನಿನ ಚಕ್ರದ ಗಾಳಿ ಬಿಟ್ಟರು. ಮಾತಿಗೆ ಮಾತು ಬೆಳೆದು ಪೊಲೀಸರು ಬರಬೇಕಾಯಿತು. ಈಗ ಕೆಲವರು ಊರ ಬಾಗಿಲಲ್ಲಿ ಅಡ್ಡಗಂಬ ಹಾಕಿ ಹಣ ವಸೂಲಿ ಮಾಡೋಣ ಎನ್ನುತ್ತಾರೆ, ಕೆಲವರು ಪೂರ್ತಿ ನಿಷೇಧಿಸೋಣ ಎನ್ನುತ್ತಾರೆ. ಗ್ರಾಮ ಪಂಚಾಯತ್ ಸದಸ್ಯನಾಗಿ ನಾನು ಯಾವುದಕ್ಕೆ ಕೈ ಎತ್ತಲಿ?

ಉತ್ತರ: ಎರಡಕ್ಕೂ ಎತ್ತಬೇಡಿ. ಅಡ್ಡಗಂಬ ಹಾಕಿ ಹಣ ಕೇಳುವುದು ನಿಮ್ಮ ಹುಡುಗರನ್ನು ಠಾಣೆಗೆ ಕಳಿಸುವ ದಾರಿ. ಪೂರ್ತಿ ನಿಷೇಧವೆಂದರೆ ನಿಮ್ಮ ಅಂಗಳದ ಕಸವನ್ನು ಪಕ್ಕದ ಊರಿನ ಅಂಗಳಕ್ಕೆ ಗುಡಿಸುವುದು. ಅವರೂ ನಾಳೆ ಅದನ್ನೇ ಮಾಡುತ್ತಾರೆ. ಇವೆರಡನ್ನೂ ಬಿಟ್ಟು ಇನ್ನೊಂದು ದಾರಿ ಇದೆ. ಕಡತ ಹಿಡಿದು ನಾಲ್ಕು ಕಚೇರಿ ಸುತ್ತುವ ಕೆಲಸವಾದ್ದರಿಂದ ಯಾರಿಗೂ ಅದರ ಮೇಲೆ ಪ್ರೀತಿಯಿಲ್ಲ. ಮೂವತ್ತು ವರ್ಷ ಪಂಚಾಯತ್ ಕಚೇರಿಗಳಲ್ಲಿ ಕುಳಿತೆದ್ದವನಾಗಿ ಅದನ್ನೇ ಹೇಳುತ್ತೇನೆ.

ಮೊದಲು ಗಾಳಿ ಬಿಟ್ಟ ಸಂಗತಿ. ಹುಡುಗರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಬೇರೆಯವರ ವಾಹನ ಕೆಡಿಸುವುದು ಭಾರತೀಯ ನ್ಯಾಯ ಸಂಹಿತೆಯ 324ನೇ ಕಲಮಿಗೆ ಬರುತ್ತದೆ, ದಾರಿಗೆ ಅಡ್ಡ ನಿಂತು ಹೋಗಲು ಬಿಡದಿರುವುದು 126ನೇ ಕಲಮಿಗೆ. ಹೆದರಿಸಿ ಹಣ ಪಡೆದರೆ 308. ಸಾರ್ವಜನಿಕ ರಸ್ತೆಯಲ್ಲಿ ಊರಿನವರು ಹಗ್ಗ ಹಿಡಿದು ನಿಂತು ‘ವ್ಯಾನಿಗೆ ಇನ್ನೂರು ಕೊಡಿ’ ಎಂದರೆ, ರಸೀದಿ ಪುಸ್ತಕವನ್ನು ಯಾವ ಮುದ್ರಣಾಲಯದಲ್ಲಿ ಎಷ್ಟು ಚೆಂದ ಮಾಡಿಸಿದರೂ, ಅದಕ್ಕೆ ಕಾನೂನಿನ ಬಲವಿಲ್ಲ. ಪಂಚಾಯತಿಯೇ ನಿಂತು ವಸೂಲಿ ಮಾಡಿದರೂ ಪ್ರಶ್ನೆ ಉಳಿಯುತ್ತದೆ. ಶುಲ್ಕವೆಂದರೆ ಕೊಟ್ಟ ಸೌಲಭ್ಯಕ್ಕೆ ಪ್ರತಿಯಾಗಿ ಪಡೆಯುವ ಹಣ. ನೀರಿಲ್ಲ, ಶೌಚಾಲಯವಿಲ್ಲ, ದೀಪವಿಲ್ಲ. ಯಾವುದಕ್ಕೆ ಶುಲ್ಕ ಎಂದು ಒಬ್ಬ ವಕೀಲ ಕೇಳಿದರೆ ನಿಮ್ಮ ಅಭಿವೃದ್ಧಿ ಅಧಿಕಾರಿಯ ಬಳಿ ಉತ್ತರವಿರುವುದಿಲ್ಲ.

ಹಾಗಾದರೆ ಕಾನೂನು ವ್ಯಾನಿನವರ ಪಕ್ಷವೇ? ಅದೂ ಅಲ್ಲ. ಮೋಟಾರು ವಾಹನ ಕಾಯ್ದೆ 1988ರ 127ನೇ ಕಲಂ ಓದಿ. ಸಾರ್ವಜನಿಕ ಸ್ಥಳದಲ್ಲಿ ಹತ್ತು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಬಿಟ್ಟುಹೋದ ವಾಹನವನ್ನು ಎಳೆದೊಯ್ಯಲು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಆದೇಶಿಸಬಹುದು. ನಮ್ಮ ಅತಿಥಿಗಳು ರಾತ್ರಿ ಒಂಬತ್ತಕ್ಕೆ ಬಂದು ಬೆಳಿಗ್ಗೆ ಆರೂವರೆಗೆ ಹೊರಡುತ್ತಾರೆ, ಒಂಬತ್ತೂವರೆ ಗಂಟೆ. ಮೇಲಾಗಿ ವಾಹನದೊಳಗೆ ಜನ ಮಲಗಿದ್ದಾರೆ, ಬಿಟ್ಟುಹೋದದ್ದು ಎನ್ನುವಂತಿಲ್ಲ. ಆದರೆ ಅದೇ ಕಲಮಿನಲ್ಲಿ ಇನ್ನೊಂದು ಮಾತಿದೆ: ನಿಲುಗಡೆಯನ್ನು ಕಾನೂನುಬದ್ಧವಾಗಿ ನಿಷೇಧಿಸಿದ ಜಾಗವಾದರೆ ಹತ್ತು ಗಂಟೆ ಕಾಯಬೇಕಾಗಿಲ್ಲ. ‘ಕಾನೂನುಬದ್ಧವಾಗಿ’ ಎಂಬ ಆ ಒಂದು ಶಬ್ದದ ಮೇಲೆ ನಿಮ್ಮ ಇಡೀ ಹೋರಾಟ ನಿಂತಿದೆ. ಯುವಕ ಸಂಘದವರು ತಗಡಿನ ಮೇಲೆ ಕೆಂಪು ಬಣ್ಣದಲ್ಲಿ ಬರೆದು ತೆಂಗಿನ ಮರಕ್ಕೆ ಹೊಡೆದ ಫಲಕ ಕಾನೂನಲ್ಲ. 115ನೇ ಕಲಂ ವಾಹನ ಸಂಚಾರಕ್ಕೆ ನಿರ್ಬಂಧ ಹೇರುವ ಅಧಿಕಾರ ಕೊಡುತ್ತದೆ. 117ನೇ ಕಲಂ ಸ್ಥಳೀಯ ಸಂಸ್ಥೆಯೊಂದಿಗೆ ಸಮಾಲೋಚಿಸಿ ನಿಲುಗಡೆಯ ಮತ್ತು ತಂಗುವ ಜಾಗಗಳನ್ನು ಗೊತ್ತುಪಡಿಸುವ ಅಧಿಕಾರ ಕೊಡುತ್ತದೆ. ಇಂಥ ಆದೇಶ ಹೊರಡುವುದು ಜಿಲ್ಲಾಧಿಕಾರಿಗಳ ಕಚೇರಿಯಿಂದ, ಪೊಲೀಸ್ ಮತ್ತು ಸಾರಿಗೆ ಇಲಾಖೆಯ ಅಭಿಪ್ರಾಯ ಪಡೆದ ಮೇಲೆ. ಅದಕ್ಕೆ ಬೇಕಾದ ಮೊದಲ ಕಾಗದ ನಿಮ್ಮ ಗ್ರಾಮಸಭೆಯ ಠರಾವು. ನಕ್ಷೆ ಸಹಿತ, ಸರ್ವೆ ನಂಬರ್ ಸಹಿತ. ‘ಪ್ರವಾಸಿಗರಿಂದ ತೊಂದರೆಯಾಗುತ್ತಿರುವ ಬಗ್ಗೆ’ ಎಂದಷ್ಟೇ ಬರೆದ ಠರಾವು ಜಿಲ್ಲಾ ಕಚೇರಿಯ ಕಪಾಟಿನಲ್ಲಿ ಹಾಯಾಗಿ ಮಲಗುತ್ತದೆ.

ಇನ್ನು, ಬರುವವರು ಯಾರು ಎಂಬುದನ್ನು ನೀವು ಎಣಿಸಿದ್ದೀರಾ? ನಾಲ್ಕು ಶನಿವಾರ ರಾತ್ರಿ ಹನ್ನೊಂದಕ್ಕೆ ಟಾರ್ಚ್ ಹಿಡಿದು ಒಂದು ಸುತ್ತು ಬನ್ನಿ. ಕರಾವಳಿಯ ಬೇರೊಂದು ಊರಿನಲ್ಲಿ ನಾನು ಹಾಗೆ ಸುತ್ತಿದಾಗ ಕಂಡದ್ದು ನನಗೇ ಹೊಸದಾಗಿತ್ತು. ಒಳಗೆ ಶೌಚಾಲಯ, ಮುಚ್ಚಿದ ತೊಟ್ಟಿ ಎಲ್ಲ ಇರುವ ನಿಜವಾದ ಕ್ಯಾರವಾನ್ ಇದ್ದದ್ದು ಒಂದೇ ಒಂದು. ಉಳಿದ ಕೆಲವು, ಸೀಟು ಕಿತ್ತು ಹಲಗೆ ಹೊಡೆದು ಹಾಸಿಗೆ ಮಾಡಿದ ವ್ಯಾನುಗಳು. ಒಂದು ಬಸ್ಸಿನಲ್ಲಿ ಉತ್ತರ ಕರ್ನಾಟಕದ ಕಡೆಯವರು ಪಾತ್ರೆ, ಒಲೆ, ರೊಟ್ಟಿಯ ಗಂಟು ಕಟ್ಟಿಕೊಂಡು ಗೋಕರ್ಣ, ಮುರ್ಡೇಶ್ವರ, ಇಡಗುಂಜಿ ಎಂದು ಹೊರಟಿದ್ದರು. ಮಿಕ್ಕ ಐದಾರು ಟ್ರಾವೆಲರ್‌ಗಳಲ್ಲಿ ಪ್ರವಾಸಿಗರೇ ಇರಲಿಲ್ಲ! ಕಿಟಕಿಗೆ ಒದ್ದೆ ಟವೆಲು ಸಿಕ್ಕಿಸಿ, ಸೊಳ್ಳೆಬತ್ತಿ ಹಚ್ಚಿಕೊಂಡು, ಮಧ್ಯದ ಓಣಿಯಲ್ಲಿ ಚಾಪೆ ಹಾಸಿ ಮಲಗಿದ್ದವರು ಚಾಲಕರು. ಅವರ ಗಿರಾಕಿಗಳು ಇದೇ ಊರಿನ ಹೋಮ್‌ಸ್ಟೇಗಳಲ್ಲಿ ಹವಾನಿಯಂತ್ರಿತ ಕೋಣೆಯಲ್ಲಿದ್ದರು. ಒಬ್ಬ ಚಾಲಕ ಎದ್ದು ಕುಳಿತು ಕೇಳಿದ: ‘ಸಾಹೇಬರೇ, ಸ್ನಾನಕ್ಕೆ ಎಲ್ಲಿ ಹೋಗಲಿ, ನೀವೇ ಹೇಳಿ.’ ಮರುದಿನದ ಸಭೆಯಲ್ಲಿ ವ್ಯಾನುಗಳ ವಿರುದ್ಧ ಎಲ್ಲರಿಗಿಂತ ಗಟ್ಟಿಯಾಗಿ ಮಾತನಾಡಿದವರು ಆ ಹೋಮ್‌ಸ್ಟೇ ಮಾಲೀಕರಲ್ಲಿ ಒಬ್ಬರು.

ಆದ್ದರಿಂದ ಠರಾವಿನ ಮೊದಲ ಸಾಲು ವ್ಯಾನಿನವರ ಬಗ್ಗೆ ಇರಬಾರದು, ಹೋಮ್‌ಸ್ಟೇಗಳ ಬಗ್ಗೆ ಇರಬೇಕು. ಅತಿಥಿಗಳ ವಾಹನ ನಿಲ್ಲಿಸಲು ತಮ್ಮ ಪಾಗಾರದೊಳಗೆ ಜಾಗ ಕೊಡಬೇಕು. ಚಾಲಕನಿಗೆ ಒಂದು ಮಂಚ, ಒಂದು ಬಚ್ಚಲು ಕೊಡಬೇಕು. ಪರವಾನಗಿ ಕೊಡುವಾಗ, ನವೀಕರಿಸುವಾಗ ಪಂಚಾಯತ್ ಇದನ್ನು ಷರತ್ತು ಮಾಡಲಿ. ಇಷ್ಟಕ್ಕೇ ದಂಡೆಯ ಮೇಲಿನ ಅರ್ಧ ಗುಂಪು ಕರಗಿದರೆ ನನಗೆ ಆಶ್ಚರ್ಯವಿಲ್ಲ.

ಈಗ ನಿಜವಾದ ತಕರಾರಿಗೆ ಬರುತ್ತೇನೆ. ವ್ಯಾನು ನಿಂತದ್ದಕ್ಕೆ ಯಾರಿಗೂ ಸಿಟ್ಟಿಲ್ಲ, ಅದರಿಂದ ಇಳಿದ ಬಕೆಟ್ಟಿಗೆ ಸಿಟ್ಟು. ನಿಮ್ಮಂಥ ದಂಡೆಯ ಊರುಗಳಲ್ಲಿ ಬಾವಿ ಆಳವಿರುವುದಿಲ್ಲ. ಮರಳಿನಡಿಯಲ್ಲಿ ಇಂಗಿದ ಮಳೆಯ ಸಿಹಿನೀರು ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುತ್ತಿರುತ್ತದೆ, ನಾಲ್ಕು ಮಾರು ಹಗ್ಗಕ್ಕೆ ಕೊಡಪಾನ ತುಂಬುತ್ತದೆ. ಅಷ್ಟು ಮೇಲಿರುವ ನೀರಿಗೆ ಮೇಲಿನಿಂದ ಏನು ಬಿದ್ದರೂ ಇಳಿಯಲು ಹೆಚ್ಚು ಕಾಲ ಬೇಕಿಲ್ಲ. ಮರಳು ಕಸಕಡ್ಡಿಯನ್ನು ಸೋಸುತ್ತದೆ, ಸಾಬೂನನ್ನೂ ರೋಗಾಣುವನ್ನೂ ಪೂರ್ತಿ ಸೋಸುವಷ್ಟು ದಪ್ಪವಾಗಿ ಅದು ಅಲ್ಲಿ ಇಲ್ಲ. ಒಳಗಿನ ಚಿರೇಕಲ್ಲಿನ ಗುಡ್ಡದ ಮೇಲೂ ಇದೇ ಕತೆ. ಚಿರೇಕಲ್ಲು ತೂತು ತೂತಿನ ಕಲ್ಲು. ಮೇಲೆ ಚೆಲ್ಲಿದ್ದು ಕೆಳಗಿನ ಕೇರಿಯ ಬಾವಿಯಲ್ಲಿ ಎದ್ದು ಬರುತ್ತದೆ.

ಇದರಲ್ಲಿ ಒಂದು ಸೂಕ್ಷ್ಮ ಇದೆ, ಇದನ್ನು ತಿಳಿಯದೆ ಒಳ್ಳೆಯ ಮನಸ್ಸಿನಿಂದಲೇ ಊರುಗಳು ಎಡವುತ್ತವೆ. ಕ್ಯಾರವಾನಿನಲ್ಲಿರುವ ಶೌಚಾಲಯದ ಪೆಟ್ಟಿಗೆಗೆ ಸಾಮಾನ್ಯವಾಗಿ ನೀಲಿ ಬಣ್ಣದ ರಾಸಾಯನಿಕ ಹಾಕುತ್ತಾರೆ, ವಾಸನೆ ಬರದಿರಲಿ ಎಂದು. ‘ಪಾಪ, ಎಲ್ಲೋ ಚೆಲ್ಲುವುದಕ್ಕಿಂತ ನಮ್ಮ ಸಾರ್ವಜನಿಕ ಶೌಚಾಲಯದ ಗುಂಡಿಗೇ ಹಾಕಲಿ’ ಎಂದು ನೀವು ಬಿಟ್ಟರೆ ಆ ನೀಲಿ ದ್ರವ ಗುಂಡಿಯೊಳಗಿನ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ. ಮಲವನ್ನು ಗೊಬ್ಬರ ಮಾಡುವವೇ ಅವು. ಅವು ಸತ್ತ ಗುಂಡಿ ಕೊಳೆಯುವುದಿಲ್ಲ, ತುಂಬುತ್ತದೆ, ನಾರುತ್ತದೆ. ಹಾಗಾಗಿ ವ್ಯಾನುಗಳ ಶೌಚಕ್ಕೆ ತಳ ಮುಚ್ಚಿದ ಬೇರೆ ತೊಟ್ಟಿಯೇ ಬೇಕು. ಅದು ತುಂಬಿದಾಗ ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡುವ ವಾಹನವನ್ನು ಕರೆಸಬೇಕು. ಆ ವಾಹನದವನು ಅದನ್ನು ಎಲ್ಲಿ ಸುರಿಯುತ್ತಾನೆ ಎಂದೂ ಕೇಳಿ ಬರೆದಿಟ್ಟುಕೊಳ್ಳಿ. ಗಜನಿಯ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಯ, ಅಂಚಿಗೆ ಸುರಿದು ಹೋದರೆ ನೀವು ಇಷ್ಟೆಲ್ಲ ಮಾಡಿದ್ದು ವ್ಯರ್ಥ. ಪಾತ್ರೆ ತೊಳೆದ, ಸ್ನಾನದ ನೀರಿಗೆ ಇಷ್ಟು ತಲೆಬಿಸಿ ಬೇಡ. ಎಣ್ಣೆ ತಡೆಯುವ ಒಂದು ಸಣ್ಣ ತೊಟ್ಟಿ, ಅದರಾಚೆ ಬಾವಿಯಿಂದ ದೂರದಲ್ಲಿ ಇಂಗುಗುಂಡಿ, ಮೇಲೆ ನಾಲ್ಕು ಬಾಳೆಗಿಡ ಸಾಕು.

ಯಾವ ಜಾಗ ಕೊಡಬಾರದು ಎಂಬುದನ್ನು ಮೊದಲು ನಿಶ್ಚಯಿಸಿ. ಮರಳಿನ ಮೇಲೆ ಯಾವ ಕಾರಣಕ್ಕೂ ಇಲ್ಲ. ಇದರಲ್ಲಿ ರಾಜಿ ಮಾಡಿಕೊಳ್ಳಬೇಡಿ. ಕೈರಂಪಣಿ, ಅಂದರೆ ದಂಡೆಯಿಂದಲೇ ಎಳೆಯುವ ಉದ್ದ ಬಲೆ, ಎಳೆಯುವವರಿಗೆ ಉದ್ದಕ್ಕೂ ಖಾಲಿ ದಂಡೆ ಬೇಕು. ಬಲೆಯ ಎರಡು ತುದಿಯ ಹಗ್ಗ ಹಿಡಿದ ಎರಡು ಸಾಲು ಜನ ಎಳೆಯುತ್ತ ಎಳೆಯುತ್ತ ಒಂದಕ್ಕೊಂದು ಹತ್ತಿರ ಸರಿಯುತ್ತಾರೆ. ನಡುವೆ ಒಂದು ಕಾರು ನಿಂತಿದ್ದರೆ ಇಡೀ ಎಳೆತ ಕೆಡುತ್ತದೆ. ಮೀನು ಒಣಹಾಕುವ ಜಾಗದ ಮೇಲೆ ಡೀಸೆಲ್ ತೊಟ್ಟಿಕ್ಕಿದರೆ ಆ ಹೆಂಗಸರ ವಾರದ ದುಡಿಮೆ ಹೋಯಿತು. ನವೆಂಬರಿನಿಂದ ಮಾರ್ಚಿನ ತನಕ, ಅಂದರೆ ಸರಿಯಾಗಿ ನಿಮ್ಮ ಪ್ರವಾಸಿಗರ ಹಂಗಾಮಿನಲ್ಲೇ, ಆಲಿವ್ ರಿಡ್ಲೆ ಕಡಲಾಮೆಗಳು ಈ ಜಿಲ್ಲೆಯ ದಂಡೆಗಳಿಗೆ ಮೊಟ್ಟೆಯಿಡಲು ಬರುತ್ತವೆ. ಹೊನ್ನಾವರದ ಕಾಸರಕೋಡ ಟೊಂಕದಲ್ಲಿ ಮೀನುಗಾರರೇ ಗೂಡು ಕಾಯುತ್ತಾರೆ. ರಾತ್ರಿ ಮೊಟ್ಟೆಯೊಡೆದು ಹೊರಬಂದ ಮರಿ ಬೆಳಕು ಕಂಡತ್ತ ಹರಿಯುತ್ತದೆ. ಹಿಂದೆಲ್ಲ ಬೆಳಕೆಂದರೆ ಕಡಲ ಕಡೆಯ ಆಕಾಶವೇ ಆಗಿತ್ತು, ಈಗ ವ್ಯಾನಿನ ಬಲ್ಬಿನ ಸರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿರುವ ಪ್ರಾಣಿ ಅದು. ಮರಳಿನ ಮೇಲೆ ವಾಹನ ಬೇಡ ಎನ್ನಲು ನಿಮಗೆ ಅರಣ್ಯ ಇಲಾಖೆಯ ಬೆಂಬಲವೂ ಸಿಗುತ್ತದೆ. ಸ್ವಚ್ಛ, ಸುರಕ್ಷಿತ ದಂಡೆಗಳಿಗೆ ಕೊಡುವ ನೀಲಿ ಬಾವುಟದ (ಬ್ಲೂ ಫ್ಲ್ಯಾಗ್) ಮನ್ನಣೆಯನ್ನು 2020ರಲ್ಲಿ ಪಡೆದ ಕಾಸರಕೋಡಿನ ದಂಡೆಯನ್ನೇ ಉದಾಹರಣೆ ಕೊಡಿ: ಆ ಮನ್ನಣೆಯ ನಿಯಮಗಳಲ್ಲಿ, ಅನುಮತಿಯಿಲ್ಲದೆ ದಂಡೆಯ ಮೇಲೆ ಬಿಡಾರ ಹೂಡುವುದನ್ನೂ ವಾಹನ ಓಡಿಸುವುದನ್ನೂ ನಿಷೇಧಿಸಿರಬೇಕು ಎಂದೇ ಇದೆ.

ಕಡಲೂ ತನ್ನ ಪಾಠ ಹೇಳುತ್ತದೆ ಅನ್ನಿ. ಒಂದು ಅಮಾವಾಸ್ಯೆಯ ಬೆಳಗಿನ ಜಾವ, ಭರತದ ನೀರು ಏರಿ ಬರುತ್ತಿದ್ದಾಗ, ಹಿಂದಿನ ಚಕ್ರ ಅಚ್ಚಿನ ತನಕ ಹೂತ ವ್ಯಾನೊಂದನ್ನು ಹದಿನೈದು ಮಂದಿ ಮೀನುಗಾರರು ದೋಣಿಯಡಿಯ ಹಲಗೆ ಇಟ್ಟು, ಬಲೆಯ ಹಗ್ಗ ಕಟ್ಟಿ, ‘ಐಸಾ’ ಎಂದು ಎಳೆದು ಮೇಲೆ ಹಾಕಿದ್ದನ್ನು ನಾನು ನಿಂತು ನೋಡಿದ್ದೇನೆ. ಒಳಗೆ ಎರಡು ಮಕ್ಕಳು ಎಚ್ಚರವಾಗದೆ ಮಲಗಿದ್ದವು. ಹಗ್ಗ ಹಿಡಿದ ಮುಂದಾಳು ಹಿಂದಿನ ಸಂಜೆ ಅದೇ ವ್ಯಾನಿನವರೊಂದಿಗೆ ಜಗಳವಾಡಿದ್ದವರು.

ಮಳೆಗಾಲದಲ್ಲಿ ಗುಡ್ಡ ಕಡಿದು ರಸ್ತೆ ಮಾಡಿದ ಕಡೆಗಳಲ್ಲೂ ರಾತ್ರಿ ನಿಲುಗಡೆ ಬೇಡ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದದ್ದು ನಿಮಗೆ ನಾನು ನೆನಪಿಸಬೇಕಾಗಿಲ್ಲ. ಹೆದ್ದಾರಿ ಪಕ್ಕದ ಚಹಾ ಅಂಗಡಿಯೂ ಅಲ್ಲಿದ್ದ ವಾಹನಗಳೂ ಗಂಗಾವಳಿಯ ಪಾಲಾದವು. ಒಂದು ಲಾರಿಯನ್ನು ಹೊಳೆಯಿಂದ ಮೇಲೆತ್ತುವಾಗ ಸೆಪ್ಟೆಂಬರ್ ಕೊನೆಯಾಗಿತ್ತು. ಹೆದ್ದಾರಿಯ ಅಗಲ ಅಂಚು ಮಲಗಲು ಅನುಕೂಲವಾಗಿ ಕಾಣುತ್ತದೆ, ಹೊರಗಿನವರಿಗೆ ಮೇಲಿನ ಗುಡ್ಡ ಕಾಣುವುದಿಲ್ಲ.

ಇದೇ ಪ್ರಶ್ನೆಯನ್ನು ಘಟ್ಟದ ಮೇಲಿನವರೂ ಆಗಾಗ ಕೇಳುತ್ತಾರೆ. ಶಿರಸಿ, ಸಿದ್ದಾಪುರದ ಕಡೆ ಜಲಪಾತದ ದಾರಿಯಲ್ಲಿ ತೋಟದ ಯಜಮಾನರು ತಮ್ಮ ಸೊಪ್ಪಿನಬೆಟ್ಟದಲ್ಲಿ ವ್ಯಾನುಗಳಿಗೆ ಜಾಗ ಕೊಟ್ಟು ಬಾಡಿಗೆ ಪಡೆಯಬಹುದೇ ಎಂದು. ಕೂಡದು. ಬೆಟ್ಟದ ಮೇಲೆ ತೋಟಿಗರಿಗಿರುವುದು ಸೊಪ್ಪು, ದರಕು (ಉದುರಿದ ಒಣ ಎಲೆ) ತರುವ ಸವಲತ್ತು. ನೆಲ ಅರಣ್ಯದ್ದೇ. ಅಲ್ಲಿ ಬಾಡಿಗೆ ಎತ್ತಿದರೆ ಅಜ್ಜನ ಕಾಲದ ಸವಲತ್ತಿಗೇ ಸಂಚಕಾರ. ಮೇಲಾಗಿ ಫೆಬ್ರವರಿ ದಾಟಿದ ಮೇಲೆ ಒಣ ದರಕಿನ ಮೇಲೆ ಯಾರೋ ಒಲೆ ಹಚ್ಚುವುದು ಎಂದರೆ ನನಗೆ ಬರೆಯುವಾಗಲೇ ಮೈ ನಡುಗುತ್ತದೆ. ಸ್ವಂತ ಮಾಲ್ಕಿ ಜಾಗವಿದ್ದರೆ ಅದು ಬೇರೆ ಮಾತು.

ಹಾಗಾದರೆ ನಿಮ್ಮೂರಲ್ಲಿ ಎಲ್ಲಿ ನಿಲ್ಲಲಿ? ದಂಡೆಯಿಂದ ಅರ್ಧ, ಒಂದು ಕಿಲೋಮೀಟರ್ ಒಳಗೆ, ಬಾವಿಗಳಿಗಿಂತ ತಗ್ಗಿನಲ್ಲಿ, ಮನೆಗಳಿಂದ ಕೂಗಳತೆಯಾಚೆ ಒಂದು ಜಾಗ ಹುಡುಕಿ. ಭರತ ರೇಖೆಯಿಂದ (ಉಬ್ಬರದ ನೀರು ಏರುವ ಗೆರೆ) 500 ಮೀಟರ್ ತನಕ ಕರಾವಳಿ ನಿಯಂತ್ರಣ ವಲಯವಾದ್ದರಿಂದ ಅದರಾಚೆ ಸಿಕ್ಕಿದರೆ ಅನುಮತಿಯ ಗೋಜು ಕಡಿಮೆ. ಟ್ರಾವೆಲರ್ ಒಂದರ ಉದ್ದ ಸುಮಾರು ಏಳು ಮೀಟರ್. ಬೆಂಕಿ ಬಿದ್ದರೆ ಒಂದರಿಂದ ಇನ್ನೊಂದಕ್ಕೆ ಹಾರದಷ್ಟು ನಡುವೆ ಅಂತರ, ತಿರುಗಿಸಲು ಓಣಿ ಎಲ್ಲ ಸೇರಿ ಹತ್ತು ವಾಹನಕ್ಕೆ ಹತ್ತು ಗುಂಟೆ ಬೇಕು. ಎಷ್ಟೋ ವ್ಯಾನುಗಳಲ್ಲಿ ಮನೆಯ ಅಡುಗೆ ಅನಿಲದ ಸಿಲಿಂಡರನ್ನೇ ಹಗ್ಗದಲ್ಲಿ ಬಿಗಿದಿರುತ್ತಾರೆ, ಆದ್ದರಿಂದ ಅಂತರದ ಮಾತು ಹಗುರವಾಗಿ ತೆಗೆದುಕೊಳ್ಳಬೇಡಿ. ಕಾಂಕ್ರೀಟ್ ಬೇಡ, ಜಲ್ಲಿ ಹಾಕಿ ಗಟ್ಟಿ ಮಾಡಿದರೆ ಸಾಕು. ಒಂದು ನಲ್ಲಿ, ಎರಡು ಬಚ್ಚಲು, ಎರಡು ಶೌಚಾಲಯ, ಆ ಮುಚ್ಚಿದ ತೊಟ್ಟಿ, ಒಬ್ಬ ಕಾವಲುಗಾರ. ಈಗ ಶುಲ್ಕ ಪಡೆಯಿರಿ, ಪಂಚಾಯತಿಯ ರಸೀದಿ ಕೊಟ್ಟು. ಸುಮ್ಮನೆ ಲೆಕ್ಕಕ್ಕೆಂದು ರಾತ್ರಿಗೆ ಮುನ್ನೂರು ರೂಪಾಯಿ ಇಟ್ಟು, ವಾರಕ್ಕೆ ಎರಡು ರಾತ್ರಿ ಎಂಟು ವಾಹನ ಬಂದರೆ, ತಿಂಗಳಿಗೆ ಹತ್ತೊಂಬತ್ತು ಸಾವಿರ ಚಿಲ್ಲರೆ. ಕಾವಲುಗಾರನ ಸಂಬಳ, ತೊಟ್ಟಿ ಖಾಲಿ ಮಾಡುವ ಖರ್ಚು ಕಳೆದರೆ ಕೈಗೆ ಉಳಿಯುವುದು ಅಷ್ಟಕ್ಕಷ್ಟೇ. ಇದು ಆದಾಯದ ಬಾಬ್ತು ಎಂದು ಯಾರಾದರೂ ಗ್ರಾಮಸಭೆಯಲ್ಲಿ ಆಸೆ ಹುಟ್ಟಿಸಿದರೆ ಅಲ್ಲೇ ನಿಲ್ಲಿಸಿ.

‘ಬಂದವರಿಗೆ ನಾವೇಕೆ ಜಾಗ ಮಾಡಿಕೊಡಬೇಕು’ ಎಂದು ಕೇಳುವವರಿರುತ್ತಾರೆ. ಅವರಿಗೆ ಹೇಳಿ: ಧಾರವಾಡ ಸೀಮೆಯ ಹತ್ತಿ ದೇವಿಮನೆ ಘಟ್ಟ ಇಳಿದು ಕುಮಟಾ ಬಂದರಿಗೆ ಬರುತ್ತಿದ್ದ ಕಾಲದಲ್ಲಿ, ಆ ಹತ್ತಿಗೆ ವ್ಯಾಪಾರದ ಪೇಟೆಯಲ್ಲಿ ಕುಮಟಾ ಹತ್ತಿ ಎಂದೇ ಹೆಸರು ಬಿದ್ದಿದ್ದ ಕಾಲದಲ್ಲಿ, ಈ ದಾರಿಯಲ್ಲಿ ಬಂಡಿಗಳು ರಾತ್ರಿ ಬಿಡುತ್ತಿದ್ದವು. ಬಂಡಿ ಬಿಡಲು ನೀರಿರುವ ಜಾಗ, ಎತ್ತಿಗೆ ಹುಲ್ಲು ಸಿಗುವ ಜಾಗ ಗೊತ್ತುಮಾಡಿಕೊಳ್ಳದೆ ಆಗುತ್ತಿತ್ತೇ? ಗೋಕರ್ಣದ ಶಿವರಾತ್ರಿಗೆ ಬರುವವರು ಬಯಲಲ್ಲಿ ಮಲಗುವುದು ಇಂದು ನಿನ್ನೆಯದಲ್ಲ.

ಬೇರೆ ದೇಶದವರೂ ಇದೇ ಹಾದಿಯಲ್ಲಿ ಎಡವಿ ಎದ್ದಿದ್ದಾರೆ. ಸ್ಕಾಟ್ಲೆಂಡಿನ ಉತ್ತರದಲ್ಲಿ 2015ರಲ್ಲಿ ‘ನಾರ್ತ್ ಕೋಸ್ಟ್ 500’ ಎಂದು ಸುಮಾರು 830 ಕಿಲೋಮೀಟರಿನ ಪ್ರವಾಸಿ ದಾರಿಯೊಂದನ್ನು ಪ್ರಚಾರಕ್ಕೆ ತಂದರು. ಒಂದೇ ವಾಹನ ಹಿಡಿಸುವ ಹಳ್ಳಿ ರಸ್ತೆಗಳಿಗೆ ಮೋಟಾರ್‌ಹೋಮ್‌ಗಳು ಸಾಲುಗಟ್ಟಿದವು, ಎದುರಿನ ವಾಹನಕ್ಕೆ ಜಾಗ ಬಿಡುವ ಅಂಚುಗಳಲ್ಲೇ ರಾತ್ರಿ ನಿಂತವು, ಊರಿನವರು ಸಿಡಿದೆದ್ದರು. ಅಲ್ಲಿ ಬೇರೆಯವರ ಹೆಚ್ಚಿನ ಜಮೀನುಗಳಲ್ಲೂ ನಡೆಯುವ, ಡೇರೆ ಹೂಡುವ ಹಕ್ಕನ್ನು 2003ರ ಕಾಯ್ದೆ ಕೊಡುತ್ತದೆ, ಆದರೆ ಮೋಟಾರು ವಾಹನಕ್ಕೆ ಆ ಹಕ್ಕಿಲ್ಲ. ಎಷ್ಟೋ ಪ್ರವಾಸಿಗರು ಇದೆ ಎಂದೇ ತಿಳಿದಿದ್ದರು. 2024ರಲ್ಲಿ ಅಲ್ಲಿನ ಹೈಲ್ಯಾಂಡ್ ಕೌನ್ಸಿಲ್ ವಾರಕ್ಕೆ 40 ಪೌಂಡ್ ಕೊಟ್ಟು ತನ್ನ ನಿಲುಗಡೆ ಜಾಗಗಳಲ್ಲಿ ರಾತ್ರಿ ತಂಗುವ ಐಚ್ಛಿಕ ಯೋಜನೆ ತಂದಿತು. ತಕರಾರು ಎತ್ತಿದವರಲ್ಲಿ ಖಾಸಗಿ ತಂಗುದಾಣಗಳ ಮಾಲೀಕರೂ ಇದ್ದರು, ನಮ್ಮ ಹೋಮ್‌ಸ್ಟೇಯವರ ದಾಯಾದಿಗಳು! ಫ್ರಾನ್ಸಿನಲ್ಲಿ ಎಷ್ಟೋ ಸಣ್ಣ ಊರುಗಳ ಆಡಳಿತವೇ ನೀರು ತುಂಬಿಸಿಕೊಳ್ಳಲು, ತೊಟ್ಟಿ ಖಾಲಿ ಮಾಡಲು ಜಾಗ ಮಾಡಿಕೊಟ್ಟಿದೆ. ನ್ಯೂಜಿಲೆಂಡ್ 2023ರ ತಿದ್ದುಪಡಿಯಲ್ಲಿ ಇನ್ನೂ ಬಿಗಿ ಮಾಡಿತು: ಸ್ಥಳೀಯ ಆಡಳಿತದ ಜಾಗದಲ್ಲಿ ವಾಹನದಲ್ಲೇ ಮಲಗಬೇಕಾದರೆ ಸಾಮಾನ್ಯವಾಗಿ ಅದರಲ್ಲಿ ಕದಲದಂತೆ ಕೂರಿಸಿದ ಶೌಚಾಲಯವಿರಬೇಕು, ಅದಕ್ಕೆ ಪ್ರಮಾಣಪತ್ರವಿರಬೇಕು. ನಮ್ಮಲ್ಲಿ ಆ ನಿಯಮ ತಂದರೆ ದಂಡೆಗೆ ಬರುವ ಹೆಚ್ಚಿನ ವಾಹನಗಳು ಕುಮಟಾ ದಾಟಿ ಬರಲಾರವು. ಆದರೆ ಅದನ್ನು ತರುವುದು ಪಂಚಾಯತಿಯ ಕೈಯಲ್ಲಿಲ್ಲ.

ಕ್ರಮ ಹೀಗಿರಲಿ. ಜಾಗ ಸಿದ್ಧವಾದ ಮೇಲೆ ನಿಷೇಧದ ಆದೇಶ, ಅದಕ್ಕಿಂತ ಮೊದಲಲ್ಲ. ಜಾಗ ತೋರಿಸದೆ ನಿಷೇಧಿಸಿದರೆ ರಾತ್ರಿ ಹನ್ನೊಂದಕ್ಕೆ ಮಕ್ಕಳೊಂದಿಗೆ ಬಂದವರನ್ನು ಎಬ್ಬಿಸಿ ಓಡಿಸಲು ಯಾವ ಪೊಲೀಸನಿಗೂ ಮನಸ್ಸು ಬರುವುದಿಲ್ಲ. ಫಲಕ ಕನ್ನಡ, ಇಂಗ್ಲಿಷ್, ಹಿಂದಿಯಲ್ಲಿರಲಿ, ಆದೇಶದ ಸಂಖ್ಯೆ, ದಿನಾಂಕ ಅದರ ಮೇಲಿರಲಿ, ಮತ್ತು ದಂಡೆಯ ಬಾಯಲ್ಲಿ ಬೇಡ, ಒಂದು ಕಿಲೋಮೀಟರ್ ಮೊದಲೇ, ವಾಹನ ತಿರುಗಿಸಲು ಆಗುವ ಕಡೆ ಇರಲಿ. ಇಷ್ಟಾದ ಮೇಲೂ ಬಾವಿ ಪಕ್ಕದಲ್ಲೇ ಹೊಲಸು ಮಾಡುವವರಿದ್ದರೆ ಅದು ಸಾರ್ವಜನಿಕ ಉಪದ್ರವ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನ ಅಡಿ ಉಪವಿಭಾಗಾಧಿಕಾರಿಗಳಿಗೆ ಅರ್ಜಿ ಕೊಡಿ, ಫೋಟೊ ಮತ್ತು ಬಾವಿ ನೀರಿನ ಪರೀಕ್ಷೆಯ ವರದಿ ಲಗತ್ತಿಸಿ. ಹುಡುಗರ ಮೇಲಿನ ದೂರು ಇನ್ನೂ ಬಾಕಿಯಿದ್ದರೆ ಆ ವ್ಯಾನಿನವರಿಗೆ ಫೋನ್ ಮಾಡಿ, ಖರ್ಚು ಕೊಟ್ಟು ರಾಜಿ ಮಾಡಿಸಿ. ಕೋರ್ಟಿಗೆ ಅಲೆಯುವುದಕ್ಕಿಂತ ಅದು ಅಗ್ಗ.

ಕೊನೆಗೊಂದು ಸಣ್ಣ ವಿಷಯ. ದೋಣಿ ಇಳಿಯುವ ದಾರಿಗೆ ಆದೇಶ ಬಂದ ಮೇಲೆ ಎರಡು ಕಲ್ಲುಗಂಬ ನೆಟ್ಟು ಸರಪಳಿ ಹಾಕುತ್ತೀರಿ. ಅದರ ಬೀಗದ ಕೈಯನ್ನು ಪಂಚಾಯತ್ ಕಚೇರಿಯಲ್ಲಿ ಇಡಬೇಡಿ. ಕಚೇರಿ ತೆರೆಯುವುದು ಹತ್ತು ಗಂಟೆಗೆ, ದೋಣಿ ಬರುವುದು ನಸುಕಿನ ನಾಲ್ಕಕ್ಕೆ, ಮೀನಿನ ಗಾಡಿ ಐದಕ್ಕೆ. ಕೀಲಿ ಮೀನುಗಾರರ ಸಂಘದವರ ಬಳಿ ಇರಲಿ, ಇನ್ನೊಂದು ಕೀಲಿ ದಂಡೆಗೆ ಹತ್ತಿರದ ಮನೆಯ ಮೊಳೆಗೆ ತೂಗಲಿ.